‘ಸೆವರಲಿ’ ಎಂಬ ಒಂದು ಶಬ್ದ



ಇಂದು ನಾನು ನಿಮ್ಮೊಡನೆ ಒಂದೇ ಒಂದು ಇಂಗ್ಲಿಷ್ ಶಬ್ದದ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಒಂದು ಶಬ್ದಕ್ಕೆ ಇಷ್ಟು ಹೊತ್ತೇ ಎಂದು ನೀವು ಕೇಳಬಹುದು. ನಾನು ಇಂಗ್ಲಿಷ್ ಪಂಡಿತನೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದವನು. ನನ್ನ ಇಂಗ್ಲಿಷೆಲ್ಲ ಕೌಂಟರಿನ ಇಂಗ್ಲಿಷು. ಆದರೆ ಈ ಶಬ್ದ ಇರುವುದು ಕಾಲೇಜಿನಲ್ಲಿ ಅಲ್ಲ, ಕೌಂಟರಿನಲ್ಲಿಯೇ. ನೀವು ಜೀವನದಲ್ಲಿ ಒಮ್ಮೆಯಾದರೂ ಯಾರದೋ ಸಾಲಕ್ಕೆ ಜಾಮೀನು ನಿಂತಿದ್ದರೆ, ಮಗನ ವಿದ್ಯಾಭ್ಯಾಸದ ಸಾಲಕ್ಕೆ ಜೊತೆಯಲ್ಲಿ ಸಹಿ ಹಾಕಿದ್ದರೆ, ಆ ಶಬ್ದದ ಕೆಳಗೆ ನಿಮ್ಮ ಹೆಸರು ಇರುವ ಸಂಭವವೇ ಹೆಚ್ಚು. ಶಬ್ದ ಯಾವುದೆಂದರೆ ‘ಸೆವರಲಿ’. ಕಾಗದದಲ್ಲಿ ಅದು ಒಂಟಿಯಾಗಿ ಬರುವುದು ಕಡಿಮೆ. ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂದು ಜೋಡಿಯಾಗಿ ಬರುತ್ತದೆ.

ಮೊದಲು ಶಬ್ದದ ಅರ್ಥ ನೋಡೋಣ. ‘ಸೆವರಲ್’ ಎಂದರೆ ಹಲವು ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ‘ಲಿ’ ಸೇರಿಸಿದರೆ ಸಾಮಾನ್ಯವಾಗಿ ಕ್ರಿಯಾವಿಶೇಷಣವಾಗುತ್ತದೆ ಎಂದೂ ಕಲಿತಿದ್ದೇವೆ. ‘ಸ್ಲೋ’ ಎಂದರೆ ನಿಧಾನ, ‘ಸ್ಲೋಲಿ’ ಎಂದರೆ ನಿಧಾನವಾಗಿ. ಹಾಗಾದರೆ ‘ಸೆವರಲಿ’ ಎಂದರೆ ಹಲವು ಬಾರಿ, ಅಥವಾ ಹಲವು ರೀತಿಯಲ್ಲಿ ಎಂದಾಗಬೇಕಲ್ಲವೇ? ಲೆಕ್ಕ ಸರಿ ಕಾಣುತ್ತದೆ, ಉತ್ತರ ತಪ್ಪು. ಇನ್ನು ಕೆಲವರ ಕಿವಿಗೆ ಅದು ‘ಸಿವಿಯರ್ಲಿ’ ಎಂದು ಕೇಳಿಸುತ್ತದೆ. ಅದಕ್ಕೆ ತೀವ್ರವಾಗಿ, ಕಠಿಣವಾಗಿ ಎಂದು ಅರ್ಥ. ಅದೂ ಇದಲ್ಲ.

‘ಸೆವರಲ್’ ಎಂಬುದರ ಹಳೆಯ ಅರ್ಥ ಹಲವು ಎಂದಲ್ಲ, ಪ್ರತ್ಯೇಕ ಎಂದು. ಅದರ ಬೇರು ಲ್ಯಾಟಿನ್ ಭಾಷೆಯ ‘ಸೆಪಾರ್’ ಎಂಬ ಶಬ್ದ, ಅಂದರೆ ಬೇರೆಯಾದದ್ದು. ನಮಗೆಲ್ಲ ಗೊತ್ತಿರುವ ‘ಸೆಪರೇಟ್’ ಇದರ ಹತ್ತಿರದ ನೆಂಟ. ಬೇರೆ ಬೇರೆಯಾಗಿರುವ ವಸ್ತುಗಳು ಎರಡಕ್ಕಿಂತ ಹೆಚ್ಚಿದ್ದರೆ ಅವು ಹಲವು ಆದವಲ್ಲ? ಹಾಗೆ ಕಾಲಕ್ರಮದಲ್ಲಿ ‘ಸೆವರಲ್’ ಹಲವು ಎಂಬ ಅರ್ಥಕ್ಕೆ ತಿರುಗಿತು. ಆದರೆ ಅದರ ಮಗು ‘ಸೆವರಲಿ’ ಹಳೆಯ ಮನೆಯಲ್ಲಿಯೇ ಉಳಿಯಿತು. ಅದಕ್ಕೆ ಇಂದಿಗೂ ಬೇರೆ ಬೇರೆಯಾಗಿ, ಒಬ್ಬೊಬ್ಬರಾಗಿ, ಪ್ರತ್ಯೇಕವಾಗಿ ಎಂದೇ ಅರ್ಥ. ಇಂಗ್ಲಿಷಿನ ಹಳೆಯ ನಾಟಕಗಳಲ್ಲಿ ದೃಶ್ಯ ಮುಗಿದಾಗ ‘ಎಕ್ಸಿಯಂಟ್ ಸೆವರಲಿ’ ಎಂಬ ಸೂಚನೆ ಇರುತ್ತದೆ. ಪಾತ್ರಧಾರಿಗಳು ಒಟ್ಟಾಗಿ ಒಂದೇ ಬಾಗಿಲಿನಿಂದ ಹೋಗದೆ, ಬೇರೆ ಬೇರೆ ಕಡೆಯಿಂದ ರಂಗ ಬಿಟ್ಟು ಹೋಗಬೇಕು ಎಂದು ಅದರ ಅರ್ಥ. ನಮ್ಮ ಸಪ್ತಭಾಷೆಗಳ ಕಾಸರಗೋಡಿನಲ್ಲಿ ಇದನ್ನು ತಿಳಿಸುವುದು ಕಷ್ಟವಲ್ಲ. ಕನ್ನಡದ ‘ಬೇರೆ ಬೇರೆ’, ತುಳುವಿನ ‘ಬೇತೆ ಬೇತೆ’, ಮಲಯಾಳದ ‘ವೆವ್ವೇರೆ’, ಮೂರೂ ಇದಕ್ಕೆ ಹೊಂದುತ್ತವೆ.

ಈಗ ವಾಕ್ಯಗಳಲ್ಲಿ ಇಟ್ಟು ನೋಡೋಣ. ‘ದಿ ವಿಟ್ನೆಸಸ್ ವರ್ ಎಕ್ಸಾಮಿನ್ಡ್ ಸೆವರಲಿ.’ ಸಾಕ್ಷಿಗಳನ್ನು ಒಟ್ಟಿಗೆ ನಿಲ್ಲಿಸಿ ಕೇಳಲಿಲ್ಲ, ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು. ‘ದಿ ಗೆಸ್ಟ್ಸ್ ಕೇಮ್ ಟುಗೆದರ್ ಬಟ್ ಲೆಫ್ಟ್ ಸೆವರಲಿ.’ ನೆಂಟರು ಒಂದೇ ಜೀಪಿನಲ್ಲಿ ಬಂದರು, ಹೋಗುವಾಗ ಅವರವರ ದಾರಿ ಹಿಡಿದರು. ‘ದಿ ಥ್ರೀ ಪ್ರಪೋಸಲ್ಸ್ ವರ್ ಪುಟ್ ಟು ವೋಟ್ ಸೆವರಲಿ.’ ಮೂರು ಸಲಹೆಗಳನ್ನು ಗಂಟು ಕಟ್ಟದೆ, ಒಂದೊಂದನ್ನೇ ಮತಕ್ಕೆ ಹಾಕಿದರು.

ಇದರಲ್ಲಿ ನೀವು ಒಂದು ವಿಷಯ ಗಮನಿಸಿರಬಹುದು. ಈ ಶಬ್ದ ಬರಬೇಕಾದರೆ ವಾಕ್ಯದಲ್ಲಿ ಒಂದಕ್ಕಿಂತ ಹೆಚ್ಚು ಜನ ಅಥವಾ ವಸ್ತು ಇರಲೇಬೇಕು. ಒಬ್ಬನೇ ಮನುಷ್ಯ ‘ಸೆವರಲಿ’ ಬರಲಾರ. ಆದ್ದರಿಂದ ‘ಐ ಹ್ಯಾವ್ ಸೆವರಲಿ ಟೋಲ್ಡ್ ಹಿಮ್’ ಎಂದು ಬರೆದರೆ ತಪ್ಪು. ಹಲವು ಸಲ ಹೇಳಿದ್ದೇನೆ ಎನ್ನಬೇಕಿದ್ದರೆ ‘ಸೆವರಲ್ ಟೈಮ್ಸ್’ ಎನ್ನಬೇಕು. ‘ಹೀ ವಾಸ್ ಸೆವರಲಿ ಇಂಜುರ್ಡ್’ ಎಂಬುದೂ ತಪ್ಪು. ಅಲ್ಲಿ ಬೇಕಾದದ್ದು ‘ಸಿವಿಯರ್ಲಿ’. ‘ರೆಸ್ಪೆಕ್ಟಿವ್ಲಿ’ ಎಂಬುದರ ಜೊತೆಗೂ ಇದನ್ನು ಬೆರೆಸಬಾರದು. ಅದಕ್ಕೆ ‘ಕ್ರಮವಾಗಿ’ ಎಂದು ಅರ್ಥ: ಅಣ್ಣ ತಮ್ಮಂದಿರಿಗೆ ಕ್ರಮವಾಗಿ ಹತ್ತು ಮತ್ತು ಇಪ್ಪತ್ತು ರೂಪಾಯಿ ಎಂದರೆ ಅಣ್ಣನಿಗೆ ಹತ್ತು, ತಮ್ಮನಿಗೆ ಇಪ್ಪತ್ತು. ‘ಸೆವರಲಿ’ಗೆ ಕ್ರಮದ ಗೊಡವೆ ಇಲ್ಲ, ಬೇರೆತನ ಮಾತ್ರ. ದಿನನಿತ್ಯದ ಪತ್ರದಲ್ಲಿ ಈ ಶಬ್ದ ಬಳಸಲು ಹೋಗಬೇಡಿ, ‘ಸೆಪರೇಟ್ಲಿ’ ಎಂದರೆ ಸಾಕು. ಆದರೆ ಕಾನೂನಿನ ಕಾಗದದಲ್ಲಿ ಇದು ಬಂದರೆ ಮಾತ್ರ ಪೆನ್ನು ಕೆಳಗಿಟ್ಟು ನಿಲ್ಲಬೇಕು. ಏಕೆ ಎಂಬುದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ.

1986ರ ಮಾತು. ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಒಂದು ಅಂಗಡಿಯ ಸಾಲಕ್ಕೆ ಮೂವರು ಜಾಮೀನುದಾರರು ಬಂದರು. ಅವರಲ್ಲಿ ಒಬ್ಬರು ಐವತ್ತು ದಾಟಿದ ಕೃಷಿಕರು, ಸಣ್ಣದೊಂದು ಅಡಿಕೆ ತೋಟದವರು. 1956ಕ್ಕೆ ಮೊದಲು, ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಕನ್ನಡ ಶಾಲೆಯಲ್ಲಿ ಓದಿದವರು. ಕನ್ನಡ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಮನುಷ್ಯ. ಆದರೆ ಆ ಜಾಮೀನು ಪತ್ರ ಇಂಗ್ಲಿಷಿನಲ್ಲಿತ್ತು. “ಇದರಲ್ಲಿ ಎಂತ ಬರೆದಿದೆ?” ಎಂದು ಅವರು ಕೇಳಿದರು. ಕೌಂಟರಿನಲ್ಲಿ ಜನ ತುಂಬಿದ್ದರು. ನಾನು ಪೆನ್ಸಿಲಿನಿಂದ ಗುರುತು ಹಾಕುತ್ತಾ, “ಎಂತದ್ದೂ ಇಲ್ಲ ಅಣ್ಣಾ, ಜಾಮೀನಿನ ಕಾಗದ. ಇಲ್ಲಿ ಒಂದು, ಇಲ್ಲಿ ಒಂದು ಸಹಿ ಹಾಕಿ” ಎಂದೆ. ಅವರು ಕನ್ನಡದಲ್ಲಿ ಚಂದವಾಗಿ ಸಹಿ ಹಾಕಿದರು.

ಕನ್ನಡದಲ್ಲಿ ಸಹಿ ಹಾಕಿದ್ದರಿಂದ ಕಾಗದದ ಕೊನೆಯಲ್ಲಿ ಇನ್ನೊಂದು ಒಕ್ಕಣೆ ಬೇಕಾಯಿತು. ಮೇಲಿನ ವಿಷಯವನ್ನು ಜಾಮೀನುದಾರರಿಗೆ ಅವರ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ಅವರು ತಿಳಿದುಕೊಂಡು ಸಹಿ ಹಾಕಿದ್ದಾರೆ ಎಂದು. ಅದರ ಕೆಳಗೆ ವಿವರಿಸಿದವರ ಸಹಿ ಬೇಕು. ಆ ಸಹಿ ನಾನು ಹಾಕಿದೆ.

ಅಂಗಡಿ ಎರಡು ವರ್ಷ ನಡೆದು ಮುಚ್ಚಿತು. ಸಾಲಗಾರ ಊರು ಬಿಟ್ಟ. ಬಡ್ಡಿ ಸೇರಿ ಇಪ್ಪತ್ತೇಳು ಸಾವಿರ ರೂಪಾಯಿಗೆ ಮೂವರು ಜಾಮೀನುದಾರರಿಗೂ ನೋಟೀಸು ಹೋಯಿತು. ಆ ದಿನಗಳಲ್ಲಿ ಅದು ಸಣ್ಣ ಹಣವಲ್ಲ. ನೋಟೀಸು ಸಿಕ್ಕಿದ ವಾರದೊಳಗೆ ಆ ಕೃಷಿಕರು ಬ್ಯಾಂಕಿಗೆ ಬಂದರು. ಬೈರಾಸಿನಲ್ಲಿ ಕಟ್ಟಿ ತಂದ ನೋಟುಗಳನ್ನು ಕೌಂಟರಿನ ಮೇಲಿಟ್ಟು, “ಮೂರು ಜನ ಜಾಮೀನು ಅಲ್ಲವಾ, ನನ್ನ ಪಾಲು ಒಂಬತ್ತು ಸಾವಿರ ತಂದಿದ್ದೇನೆ. ಎಣಿಸಿಕೊಂಡು ರಶೀದಿ ಕೊಡಿ” ಎಂದರು.

ನನಗೂ ಅದು ಸರಿಯಾದ ಲೆಕ್ಕವೆಂದೇ ಕಂಡಿತು. ಅವರನ್ನು ಮ್ಯಾನೇಜರರ ಬಳಿಗೆ ಕರೆದುಕೊಂಡು ಹೋದೆ. ಮ್ಯಾನೇಜರರು ಕಡತ ತೆಗೆದು ಆ ಜೋಡಿ ಶಬ್ದದ ಮೇಲೆ ಬೆರಳಿಟ್ಟು, “ಇವರ ಪಾಲು ಒಂಬತ್ತಲ್ಲ, ಇಪ್ಪತ್ತೇಳು” ಎಂದರು. ಕೃಷಿಕರು ನನ್ನ ಕಡೆ ತಿರುಗಿ, “ಆ ಶಬ್ದಕ್ಕೆ ಎಂತ ಅರ್ಥ?” ಎಂದು ಕೇಳಿದರು. ಹಲವು ಎಂದೇನೋ ಹೇಳಲು ಹೊರಟು ನಾನು ತಡವರಿಸಿದೆ. ನನಗೆ ಗೊತ್ತಿರಲಿಲ್ಲ. ಓದಿ ವಿವರಿಸಿದ್ದೇನೆ ಎಂದು ನಾನು ಸಹಿ ಹಾಕಿದ ಕಾಗದದ ಅರ್ಥ ನನಗೇ ಗೊತ್ತಿರಲಿಲ್ಲ. ಅವರು ಜಗಳವಾಡಲಿಲ್ಲ. ಕೆಳಗಿನ ನನ್ನ ಸಹಿಯನ್ನು ನೋಡಿ, “ಓದಿ ಹೇಳಿದ್ದು ನೀವೇ ಅಂತ ಉಂಟಲ್ಲ” ಎಂದಷ್ಟೇ ಹೇಳಿ ನೋಟುಗಳನ್ನು ಪುನಃ ಬೈರಾಸಿನಲ್ಲಿ ಕಟ್ಟಿದರು. ಹಗಲು ಕಂಡ ಬಾವಿಗೆ ಇರುಳಲ್ಲಿ ಬಿದ್ದರು ಎಂದು ಗಾದೆ ಇದೆ. ಇವರಿಗೆ ಬಾವಿಯನ್ನು ಹಗಲಿನಲ್ಲಿ ಯಾರೂ ತೋರಿಸಿರಲಿಲ್ಲ. ತೋರಿಸಬೇಕಾಗಿದ್ದವನು ನಾನು.

ಹಾಗಾದರೆ ಬೇರೆ ಬೇರೆಯಾಗಿ ಎಂಬ ಶಬ್ದ ಒಬ್ಬನ ಮೇಲೆ ಪೂರ್ತಿ ಭಾರ ಹಾಕುವುದು ಹೇಗೆ? ಬೇರೆ ಎಂದರೆ ಅವರವರ ಪಾಲು ಅವರವರಿಗೆ ಎಂದಾಗಬೇಡವೇ? ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ನಾವು ‘ಪ್ರತ್ಯೇಕವಾಗಿ’ ಎಂಬುದನ್ನು ‘ತಲಾ’ ಎಂದು ತಿಳಿಯುತ್ತೇವೆ. ಎರಡೂ ಒಂದಲ್ಲ. ನಾಲ್ಕು ಮುಡಿ ಅಕ್ಕಿ ಇದೆ, ನಾಲ್ವರು ತಲೆಗೊಂದರಂತೆ ಹೊತ್ತರೆ ಅದು ತಲಾ. ಒಬ್ಬ ಹೊರದಿದ್ದರೆ ಅವನ ಮುಡಿ ಅಂಗಳದಲ್ಲಿ ಉಳಿಯುತ್ತದೆ, ನಿಮ್ಮ ತಲೆಗೆ ಬರುವುದಿಲ್ಲ. ಆದರೆ ಮನೆ ಕಟ್ಟುವ ತೊಲೆಯನ್ನು ನಾಲ್ವರು ಹೆಗಲ ಮೇಲೆ ಹೊತ್ತು ತರುವಾಗ ಮೂವರು ಹೆಗಲು ತಪ್ಪಿಸಿದರೆ? ತೊಲೆ ನಾಲ್ಕು ತುಂಡಾಗುವುದಿಲ್ಲ. ಇಡೀ ತೊಲೆ ಉಳಿದವನ ಹೆಗಲ ಮೇಲೆ. ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂಬುದು ಆ ತೊಲೆ. ಎಲ್ಲರೂ ಸೇರಿಯೂ ಪೂರ್ತಿ ಸಾಲಕ್ಕೆ ಹೊಣೆ, ಪ್ರತಿಯೊಬ್ಬರೂ ಪ್ರತ್ಯೇಕವಾಗಿಯೂ ಪೂರ್ತಿ ಸಾಲಕ್ಕೆ ಹೊಣೆ. ಪ್ರತ್ಯೇಕವಾಗುವುದು ಮನುಷ್ಯರು, ಸಾಲವಲ್ಲ.

ಈ ಶಬ್ದದ ಕೆಲಸ ಅದರ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂದರೆ ಈಗ ಹೇಳಿದ ತೊಲೆ. ‘ಜಾಯಿಂಟ್ಲಿ ಆರ್ ಸೆವರಲಿ’ ಎಂದು ಜಂಟಿ ಖಾತೆಯ ಅರ್ಜಿಯಲ್ಲಿ ಇದ್ದರೆ, ಖಾತೆಯ ಹಣವನ್ನು ಎಲ್ಲರೂ ಸೇರಿ ತೆಗೆಯಬಹುದು, ಯಾರಾದರೂ ಒಬ್ಬರೇ ಸಹಿ ಹಾಕಿಯೂ ತೆಗೆಯಬಹುದು. ಅಣ್ಣ ತಮ್ಮಂದಿರ ಖಾತೆಯಲ್ಲಿ ಅಣ್ಣ ಒಬ್ಬನೇ ಹೋಗಿ ಹಣ ತೆಗೆದರೆ ಬ್ಯಾಂಕಿನ ಮೇಲೆ ದೂರು ಹೇಳಲಾಗದು. ಇನ್ನು ‘ಸೆವರಲಿ ಬಟ್ ನಾಟ್ ಜಾಯಿಂಟ್ಲಿ’ ಎಂದಿದ್ದರೆ ಮಾತ್ರ ಅವರವರು ಒಪ್ಪಿಕೊಂಡಷ್ಟಕ್ಕೆ ಅವರವರು ಹೊಣೆ. ಅದು ದೊಡ್ಡ ಕಂಪೆನಿಗಳ ಷೇರು ವ್ಯವಹಾರದ ಕಾಗದಗಳಲ್ಲಿ ಕಾಣಿಸುತ್ತದೆ. ನಮ್ಮ ಜಾಮೀನು ಪತ್ರದಲ್ಲಿ ನಾನಂತೂ ಕಂಡದ್ದಿಲ್ಲ. ಆ ಕೃಷಿಕರು ಮನಸ್ಸಿನಲ್ಲಿ ಸಹಿ ಹಾಕಿದ್ದು ಈ ಮೂರನೆಯದಕ್ಕೆ, ಕಾಗದದಲ್ಲಿ ಹಾಕಿದ್ದು ಮೊದಲನೆಯದಕ್ಕೆ.

ಆ ಘಟನೆಯ ಮೇಲೆ ನಾನು ಕಾನೂನಿನ ಪುಸ್ತಕವನ್ನು ಸ್ವಲ್ಪ ಸ್ವಲ್ಪ ಓದತೊಡಗಿದೆ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಜಂಟಿಯಾಗಿ ಮಾತ್ರ ಒಪ್ಪಿಕೊಂಡ ಸಾಲದಲ್ಲಿ ಒಬ್ಬ ಸತ್ತರೆ ಹೊಣೆ ಬದುಕಿ ಉಳಿದವರಿಗೆ ಹೋಗುತ್ತಿತ್ತು, ಸತ್ತವನ ಆಸ್ತಿ ಪಾರಾಗುತ್ತಿತ್ತು. ಹಾಗಾಗದಿರಲೆಂದು ಸಾಲ ಕೊಡುವವರು ‘ಸೆವರಲಿ’ ಎಂಬುದನ್ನು ಸೇರಿಸಿ ಬರೆಸಿಕೊಂಡರು. ನಮ್ಮ ದೇಶದ 1872ರ ಕರಾರು ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 43ನೆಯ ಕಲಮಿನ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ, ಒಟ್ಟಾಗಿ ಮಾತು ಕೊಟ್ಟವರಲ್ಲಿ ಯಾರಾದರೂ ಒಬ್ಬನಿಂದಲೇ ಪೂರ್ತಿ ವಸೂಲು ಮಾಡಬಹುದು. 128ನೆಯ ಕಲಮು ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎನ್ನುತ್ತದೆ, ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ. “ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ನಮ್ಮ ಬಳಿಗೆ ಬನ್ನಿ” ಎಂದು ಹೇಳುವಂತೆಯೂ ಇಲ್ಲ. ಬಿಹಾರದ ಒಂದು ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1968ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ.

ಆದರೆ ಅದೇ ಕಾಯಿದೆ ಪೂರ್ತಿ ಭಾರ ಹೊತ್ತವನ ಕೈಬಿಟ್ಟಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಕಾಯಿದೆಯ ಪುಸ್ತಕದಲ್ಲಿ ಒಂದು ಉದಾಹರಣೆ ಇದೆ. ಮೂವರು ಸೇರಿ 3,000 ರೂಪಾಯಿ ಕೊಡುವುದಾಗಿ ಒಪ್ಪಿದ್ದಾರೆ. ಪೂರ್ತಿ ಹಣ ಮೂರನೆಯವನೊಬ್ಬನೇ ಕೊಡಬೇಕಾಯಿತು. ಮೊದಲನೆಯವನು ದಿವಾಳಿ, ಅವನ ಆಸ್ತಿಯಿಂದ ಸಾಲದ ಅರ್ಧ ಮಾತ್ರ ಹುಟ್ಟುತ್ತದೆ. ಆಗ ಹಣ ಕೊಟ್ಟವನಿಗೆ ದಿವಾಳಿಯಾದವನ ಆಸ್ತಿಯಿಂದ 500 ರೂಪಾಯಿ, ಎರಡನೆಯವನಿಂದ 1,250 ರೂಪಾಯಿ ಪಡೆಯುವ ಹಕ್ಕು ಇದೆ. ಅಂದರೆ ದಿವಾಳಿಯಾದವನಿಂದ ಬಾರದೆ ಹೋದ 500 ರೂಪಾಯಿಯನ್ನೂ ಉಳಿದ ಇಬ್ಬರು ಸಮನಾಗಿ ಹೊರಬೇಕು. ಜಾಮೀನುದಾರರ ನಡುವೆಯೂ ಹೀಗೆಯೇ ಸಮಪಾಲು ಎಂದು 146ನೆಯ ಕಲಮು ಹೇಳುತ್ತದೆ. ತಾನು ಕಟ್ಟಿದ್ದನ್ನೆಲ್ಲ ಮೂಲ ಸಾಲಗಾರನಿಂದ ಕೇಳುವ ಹಕ್ಕು ಬೇರೆ ಇದೆ. ಬ್ಯಾಂಕಿನ ಎದುರು ಅದು ತೊಲೆ. ತಮ್ಮ ತಮ್ಮೊಳಗೆ ಅದು ತಲಾ.

ಆ ಕೃಷಿಕರು ಎರಡು ವರ್ಷದ ಅಡಿಕೆ ಮಾರಿ ಪೂರ್ತಿ ಇಪ್ಪತ್ತೇಳು ಸಾವಿರ ಕಟ್ಟಿದರು. ಉಳಿದ ಇಬ್ಬರಿಂದ ಒಂಬತ್ತೊಂಬತ್ತು ಸಾವಿರ ಕೇಳುವ ಹಕ್ಕು ಅವರಿಗಿತ್ತು. ಆದರೆ ಅಂಥ ದಾವೆಯನ್ನು ಮೂರು ವರ್ಷದ ಅವಧಿಯೊಳಗೆ ಹೂಡಬೇಕು. ನಾನು ಆ ಕಲಮನ್ನು ಓದುವ ಹೊತ್ತಿಗೆ ಆ ಅವಧಿ ಮೀರಿಹೋಗಿತ್ತು. ಅವರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಕುಡಿಯಲು ಬೆಲ್ಲ ನೀರು ಕೊಟ್ಟು, “ಇನ್ನು ಬರುವವರಿಗಾದರೂ ಹೇಳಿ” ಎಂದರು. ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೂ, ಕನ್ನಡದಲ್ಲಿ ಸಹಿ ಹಾಕುವ ಯಾರೇ ಬಂದರೂ ನಾಲ್ಕು ವಾಕ್ಯ ಹೇಳದೆ ಆ ವಿವರಣೆಯ ಒಕ್ಕಣೆಗೆ ನಾನು ಸಹಿ ಹಾಕಲಿಲ್ಲ. ಆ ನಾಲ್ಕು ವಾಕ್ಯಗಳು ಇವು: ಸಾಲಗಾರ ಕಟ್ಟದಿದ್ದರೆ ನೀವು ಕಟ್ಟಬೇಕು. ಪೂರ್ತಿ ಕಟ್ಟಬೇಕು, ಪಾಲು ಅಲ್ಲ. ಉಳಿದವರನ್ನು ಕೇಳದೆ ಬ್ಯಾಂಕು ನಿಮ್ಮನ್ನೇ ಮೊದಲು ಕೇಳಬಹುದು. ಕಟ್ಟಿದ ಮೇಲೆ ಉಳಿದವರಿಂದ ಅವರ ಪಾಲು ನೀವು ಕೇಳಬಹುದು. ಇದನ್ನು ಕೇಳಿ ಎದ್ದು ಹೋದವರೂ ಇದ್ದಾರೆ. ಅದರಿಂದ ಮೇಲಿನವರ ಮುನಿಸೂ ನನ್ನ ಪಾಲಿಗೆ ಬಂದದ್ದುಂಟು. ಆದರೆ ಕೇಳಿಯೂ ಸಹಿ ಹಾಕಿದವರು ಕಣ್ಣು ಬಿಟ್ಟುಕೊಂಡು ಹಾಕಿದರು.

ಈಗ ಕಾಲ ಬದಲಾಗಿದೆ, ಶಬ್ದ ಬದಲಾಗಿಲ್ಲ. ನೆರೆಕರೆಯ ಹೆಂಗಸರು ನಾಲ್ಕರಿಂದ ಹತ್ತು ಮಂದಿ ಸೇರಿ ಜಂಟಿ ಹೊಣೆಗಾರಿಕೆಯ ಗುಂಪು ಕಟ್ಟಿ ಸಾಲ ಪಡೆಯುತ್ತಾರಲ್ಲ, ಆ ಗುಂಪಿನ ಹೆಸರಿನಲ್ಲೇ ಇದರ ಅರ್ಧ ಇದೆ. ಮೊಬೈಲಿನಲ್ಲಿ ಒಟಿಪಿ ಒತ್ತಿ ಸಾಲ ಪಡೆಯುವಾಗಲೂ ಹತ್ತಾರು ಪುಟಗಳ ನಡುವೆ ಇದು ಅಡಗಿ ಕುಳಿತಿರಬಹುದು. ಗ್ರಾಹಕರಿಗೆ ಕೊಡುವ ಮುದ್ರಿತ ಕಾಗದಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆ ಮೂರರಲ್ಲಿಯೂ ಇರಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ನಮ್ಮ ರಾಜ್ಯದಲ್ಲಿ ಆ ಪ್ರಾದೇಶಿಕ ಭಾಷೆ ಎಂದರೆ ಮಲಯಾಳ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗೆ ಮೂರು ಭಾಷೆಯ ಕಾಗದವೂ ಮುಚ್ಚಿದ ಪುಸ್ತಕವೇ. ಆದ್ದರಿಂದ ಕೇಳಿ ತಿಳಿಯುವುದೇ ನಮಗೆ ದಾರಿ. ಹಾಗೆ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ನಾಲ್ಕು ಮಾತು. ಒಂದು, ಓದಿ ವಿವರಿಸಲಾಗಿದೆ ಎಂಬ ಒಕ್ಕಣೆ ಇದ್ದರೆ, ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಅದಕ್ಕೆ ಸಹಿ ಹಾಕಬೇಡಿ. ಎರಡು, ಪೂರ್ತಿ ಸಾಲಕ್ಕೆ ಹೊಣೆಯಾಗಲು ಮನಸ್ಸಿಲ್ಲದಿದ್ದರೆ, ಇಂತಿಷ್ಟು ರೂಪಾಯಿಗೆ ಮಾತ್ರ ಎಂದು ಮಿತಿ ಬರೆಸಲು ಸಾಧ್ಯವೇ ಎಂದು ಕೇಳಿ. ಕಾಯಿದೆಯಲ್ಲಿ ಅದಕ್ಕೆ ಅಡ್ಡಿ ಇಲ್ಲ, ಬ್ಯಾಂಕು ಒಪ್ಪಬೇಕು ಅಷ್ಟೆ. ಬಾಯಿಮಾತಿನ ಭರವಸೆ ಸಾಲದು, ಕಾಗದದಲ್ಲಿ ಬರಬೇಕು. ಮೂರು, ಜೊತೆಗೆ ಜಾಮೀನು ನಿಂತವರು ಯಾರೆಂದು ತಿಳಿದುಕೊಂಡು ಪತ್ರದ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ನಾಲ್ಕು, ಬೇರೆಯವರ ಸಾಲ ನೀವು ಕಟ್ಟಬೇಕಾಗಿ ಬಂದರೆ ರಶೀದಿ ಜೋಪಾನ ಮಾಡಿ, ಮೂರು ವರ್ಷ ಕಾಯದೆ ಕೂಡಲೇ ವಕೀಲರನ್ನು ಕಾಣಿ.

ಜಾಮೀನು ನಿಲ್ಲಲೇಬೇಡಿ ಎಂದು ನಾನು ಹೇಳುವುದಿಲ್ಲ. ಒಬ್ಬರಿಗೊಬ್ಬರು ಹೆಗಲು ಕೊಡದಿದ್ದರೆ ಊರಿನಲ್ಲಿ ಯಾರ ಮನೆಯೂ ಏಳುವುದಿಲ್ಲ. ಹೆಗಲು ಕೊಡುವ ಮೊದಲು ತೊಲೆಯ ತೂಕವನ್ನು ಕೇಳಿ ತಿಳಿಯಿರಿ. ಆ ಕೃಷಿಕರು ಈಗ ಇಲ್ಲ. ಇನ್ನು ಬರುವವರಿಗೆ ಹೇಳಿ ಎಂದು ಅವರು ಒಪ್ಪಿಸಿದ ಕೆಲಸವನ್ನು ಇಂದು ಈ ಧ್ವನಿವರ್ಧಕದ ಮುಂದೆ ಕುಳಿತು ಸ್ವಲ್ಪ ಮಾಡಿದ್ದೇನೆ. ನಿಮ್ಮ ಮನೆಯ ಕಪಾಟಿನಲ್ಲಿ ಅಂಥ ಕಾಗದವೇನಾದರೂ ಇದ್ದರೆ, ಇಂದೇ ತೆಗೆದು ಆ ಶಬ್ದವನ್ನು ಹುಡುಕಿ ನೋಡಿ.